ಇದ್ದೀನಿ ಅಂದವರಿಗೆ ಬೆಳಕು

ಆ ಊರು ಕರಿಬಂಡೆಯ ಬಾಣಲೆಯೊಂದರ ತಳದಲ್ಲಿತ್ತು. ಸುತ್ತ ಕಲ್ಲು, ಮೇಲೆ ತಟ್ಟೆಯಷ್ಟು ಆಕಾಶ. ಬೇರೆ ಊರುಗಳಿಗೆ ದಿನವಿಡೀ ದುಡಿಯುವ ಸೂರ್ಯ ಈ ಊರಿಗೆ ಮಾತ್ರ ನಡುಮಧ್ಯಾಹ್ನ ಬಂದು ಇಣುಕಿ, ಬಂದೆ ಅನ್ನುವಷ್ಟರಲ್ಲಿ ಹೊರಟೇಬಿಡುತ್ತಿದ್ದ. ಆ ಬಿಸಿಲೂ ಮಾಳಿಗೆಗಳ ಮೇಲೆ ಬೀಳುತ್ತಿತ್ತೇ ಹೊರತು ಓಣಿಗೆ ಇಳಿಯುತ್ತಿರಲಿಲ್ಲ. ಮನೆಯೊಳಗಿನ ಮಾತಂತೂ ಕೇಳಲೇಬೇಡಿ. ಹೊಗೆ ಮೇಲೇರದ ಊರು ಅಂತ ಎಣ್ಣೆದೀಪ, ಸೌದೆ ಒಲೆ ಎರಡಕ್ಕೂ ಅಲ್ಲಿ ಹಿಂದಿನಿಂದ ನಿಷೇಧ. ಹುಟ್ಟೋದು, ಉಣ್ಣೋದು, ತಾಳಿ ಕಟ್ಟೋದು, ಕಣ್ಣು ಮುಚ್ಚೋದು, ಎಲ್ಲ ಕರೆಂಟಿನ ದೀಪದ ಕೆಳಗೇ ಆಗಬೇಕು. ಅಂಥ ಊರಲ್ಲಿ ಬೆಳಕಿನ ಜೊತೆ ಯಾರಾದರೂ ಆಟ ಆಡುತ್ತಾರೆಯೇ? ಆಡಿದರು.

ಕಡೇ ಓಣಿಯಲ್ಲಿ ಹಪ್ಪಳದಾಕೆ ಇದ್ದಳು. ಅವಳ ಜೊತೆ ಅವಳ ಅವ್ವ. ಅವ್ವನಿಗೆ ಹುಟ್ಟಿದಾಗಿನಿಂದ ಕಿವಿ ಕೇಳದು, ಬಾಯಿ ಬಾರದು. ಹಾಗಂತ ಮಾತೇ ಇಲ್ಲದವಳು ಅಂದುಕೊಂಡೀರಿ, ಜೋಕೆ! ಅವ್ವನ ಮಾತೆಲ್ಲ ಕೈಯಲ್ಲಿತ್ತು. ಹತ್ತು ಬೆರಳು, ಎರಡು ಹುಬ್ಬು, ಒಂದು ಸೆರಗು ಸಾಕು, ಊರಿನ ಕಥೆಯನ್ನೆಲ್ಲ ಬಿಡಿಸಿ ಹೇಳುತ್ತಿದ್ದಳು. ಯಾರು ಹೇಗೆ ನಡೆದರು, ಯಾರ ಮೂಗು ಹೇಗೆ ಕೆಂಪಾಯಿತು, ಉದ್ದಿನ ಹಿಟ್ಟು ಇವತ್ತು ಯಾಕೆ ಮುನಿಸಿಕೊಂಡಿದೆ ಅಂತ ಅವಳು ಶುರು ಮಾಡಿದರೆ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆ ಕೈಮಾತು ಪ್ರಪಂಚದಲ್ಲಿ ಇಬ್ಬರಿಗೇ ಗೊತ್ತಿದ್ದದ್ದು.

ಆ ಮನೆಗೊಂದು ಪದ್ಧತಿ ಇತ್ತು. ಹಗಲೆಲ್ಲ ಕೈ ಹಿಟ್ಟಿಗೆ, ಸಂಜೆ ಕೈ ಮಾತಿಗೆ. ಹಗಲು ಅವ್ವ ಲಟ್ಟಿಸುತ್ತಿದ್ದಳು. ಮಗಳು ಹಪ್ಪಳವನ್ನು ಮಾಳಿಗೆಗೆ ಹೊತ್ತು, ಆ ಚೂರು ಬಿಸಿಲಿಗೆ ಹರವಿ, ಒಣಗಿದ್ದನ್ನು ಓಣಿ ಓಣಿ ಸುತ್ತಿ ಮಾರಿ ಬರುತ್ತಿದ್ದಳು. ಆ ಬಿಸಿಲಲ್ಲಿ ಕೂತು ಮಾತಾಡಲು ಏಣಿ ಹತ್ತೋಣ ಅಂದರೆ ಅವ್ವನ ಮೊಣಕಾಲು ಒಪ್ಪುತ್ತಿರಲಿಲ್ಲ, ಹೊತ್ತುಕೊಂಡು ಹೋಗೋಣ ಅಂದರೆ ಏಣಿ ಇಬ್ಬರನ್ನು ತಾಳುತ್ತಿರಲಿಲ್ಲ. ಆದ್ದರಿಂದ ಸಂಜೆ ಅಂದರೆ ಅವರಿಗೆ ಹಬ್ಬ. ಕೈ ತೊಳೆದು, ದೀಪದ ಕೆಳಗೆ ಎದುರುಬದುರು ಕೂತರೆ ಅನ್ನ ಆರಿ ಹೋದರೂ ಏಳುತ್ತಿರಲಿಲ್ಲ.

ಇದ್ದದ್ದು ಒಂದೇ ತಾಪತ್ರಯ. ಹಳೇ ಸ್ವಿಚ್ಚಿಗೆ ಎರಡೇ ವಿದ್ಯೆ. ಟಕ್ ಅಂದರೆ ಪೂರ್ತಿ ಬೆಳಕು, ಟಕ್ ಅಂದರೆ ಪೂರ್ತಿ ಕತ್ತಲೆ. ಆ ಪೂರ್ತಿ ಬೆಳಕಿಗೆ ಅವ್ವನ ವಯಸ್ಸಾದ ಕಣ್ಣಲ್ಲಿ ನೀರು ಬರುತ್ತಿತ್ತು. ಮಾತಿನ ಮಧ್ಯೆ ಸೆರಗು ಎತ್ತಿ ಒರೆಸಿಕೊಳ್ಳುವಳು, ಮತ್ತೆ ಮಾತು, ಮತ್ತೆ ಒರೆಸು. ಅದನ್ನು ನೋಡಿದಾಗಲೆಲ್ಲ ಹಪ್ಪಳದಾಕೆಯ ಕರುಳು ಚುರುಕ್ ಅನ್ನುತ್ತಿತ್ತು.

ಹೀಗಿರುವಾಗ ಒಂದು ದಿನ ದೀಪದ ಸಾಹೇಬರು ಓಣಿ ಓಣಿಗೆ ಬಂದರು. ಊರಿನ ಬೆಳಕೆಲ್ಲ ಅವರ ಕಚೇರಿಯ ಸುಪರ್ದಿಯಲ್ಲಿತ್ತು. ಬಿಳೀ ಅಂಗಿ, ಬಿಳೀ ನಗು. ಕೈಯಲ್ಲಿ ಅಂಗೈಯಗಲದ, ಹಾಲಿನ ಬಣ್ಣದ ಒಂದು ಬಿಲ್ಲೆ.

“ಇದು ಜಾಣ ಸ್ವಿಚ್ಚು. ಇದನ್ನು ಒತ್ತಬೇಕಿಲ್ಲ, ತಿರುಗಿಸಬೇಕಿಲ್ಲ. ಬೆಳಕು ಎಷ್ಟು ಬೇಕೋ ಅಷ್ಟು ತಾನೇ ಏರಿಸುತ್ತೆ, ಬೇಡವಾದಾಗ ತಾನೇ ಇಳಿಸುತ್ತೆ” ಅಂದರು.

“ಕಣ್ಣಿಗೆ ಹಿತವಾಗಿರುತ್ತಾ ಸಾಹೇಬ್ರೇ?” ಅಂತ ಕೇಳಿದಳು ಹಪ್ಪಳದಾಕೆ.

“ಹಿತ ಅಂದರೆ ಹಿತ ತಾಯಿ! ಬೆಳದಿಂಗಳು ಮನೆಗೆ ಬಂದ ಹಾಗೆ.”

ಅವಳು ಅಷ್ಟೇ ಕೇಳಿದ್ದು. ಎಷ್ಟು ಬೇಕು ಅನ್ನೋದು ಅದಕ್ಕೆ ಹೇಗೆ ಗೊತ್ತಾಗುತ್ತೆ ಅಂತ ಕೇಳಲಿಲ್ಲ. ಕೇಳಬೇಕಿತ್ತು. ಊರಲ್ಲಿ ಒಬ್ಬರಾದರೂ ಕೇಳಬೇಕಿತ್ತು. ಒಬ್ಬರ ಬಾಯಿಂದಲೂ ಆ ಪ್ರಶ್ನೆ ಬರಲಿಲ್ಲ, ಏನು ಮಾಡೋಣ!

ಒಳ್ಳೇ ದಿನ ನೋಡಿ ಮನೆಮನೆಯ ಹಳೇ ಸ್ವಿಚ್ಚುಗಳನ್ನು ಕಿತ್ತರು. ಬುಟ್ಟಿಯಲ್ಲಿ ಹಾಕಿ, ಅರಿಶಿನ ಕುಂಕುಮ ಇಟ್ಟು, ವಾಲಗ ಊದಿಸಿಕೊಂಡು ಹೋಗಿ ಪಾಳುಬಾವಿಗೆ ಸುರಿದರು. ಆ ಬಾವಿಗೆ ತಳ ಇಲ್ಲ. ಬಿದ್ದದ್ದು ಯಾವುದೂ ವಾಪಸ್ಸು ಬಂದ ನೆನಪು ಯಾರಿಗೂ ಇಲ್ಲ. ಜಾಣ ಸ್ವಿಚ್ಚು ಹೊಸ್ತಿಲು ದಾಟುವಾಗ ಹಪ್ಪಳದಾಕೆ ಹೊಸ ಸೊಸೆಗೆ ಎತ್ತಿದ ಹಾಗೆ ಅದಕ್ಕೆ ಕೆಂಪುನೀರಿನ ಆರತಿ ಎತ್ತಿದಳು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಮಗಳು ತನ್ನ ಕಣ್ಣಿಗಾಗಿ ತಂದದ್ದು ಅಂತ ತಿಳಿದು ಅದರ ನೆತ್ತಿಗೆ ತಾನೂ ಒಂದು ಬೊಟ್ಟು ಕುಂಕುಮ ಇಟ್ಟಳು.

ಸಂಜೆ ಕಚೇರಿಯಿಂದ ಕಹಳೆ ಮೊಳಗಿತು. ಸಾಹೇಬರ ದನಿ ಊರಿಗೆಲ್ಲ ಕೇಳಿಸಿತು. “ಮಾತಿದ್ದಲ್ಲಿ ಜನ, ಜನ ಇದ್ದಲ್ಲಿ ಬೆಳಕು. ಇದ್ದವರು ಇದ್ದೀನಿ ಅನ್ನಿ!”

ಊರಿಗೆ ಊರೇ ಗೋಡೆಗೆ ಮುಖ ಮಾಡಿ ಕೂಗಿತು. “ಇದ್ದೀನಿ! ಇದ್ದೀನಿ! ಇದ್ದೀನಿ!” ಮನೆಮನೆಯಲ್ಲಿ ದೀಪ ಏರಿತು. ಹಪ್ಪಳದಾಕೆಯೂ ಕೂಗಿದಳು, ಅವಳ ದೀಪವೂ ಏರಿತು. ತಿಳಿಹಳದಿ ಬೆಳಕು, ಸುಳ್ಳು ಯಾಕೆ ಹೇಳಲಿ, ಹಿತವಾಗಿಯೇ ಇತ್ತು. ಇಬ್ಬರೂ ಎದುರುಬದುರು ಕೂತರು. ಅವ್ವ ಕಣ್ಣು ಮುಟ್ಟಿ, ನೀರು ಬರುತ್ತಿಲ್ಲ ಅಂತ ಬೆರಳಾಡಿಸಿ ನಕ್ಕಳು. ಆಮೇಲೆ ಅವತ್ತು ಓಣಿಯಲ್ಲಿ ನೋಡಿದ್ದನ್ನು ಹೇಳಲು ಕೈ ಎತ್ತಿದಳು. ಮಗಳು ಸುಮ್ಮನೆ ನೋಡುತ್ತ ಕೂತಳು.

ಬೆಳಕು ಇಳಿಯಿತು. ಇಳಿದು, ಇಳಿದು, ಅವ್ವನ ಬೆರಳು ಒಂದಕ್ಕೊಂದು ಅಂಟಿದ ಹಾಗೆ ಕಂಡು, ಕೊನೆಗೆ ಕಾಣದೇ ಹೋದವು.

“ಇದ್ದೀನಿ!” ಅಂದಳು ಮಗಳು. ಬೆಳಕು ಏರಿತು. ಅವ್ವ ಮತ್ತೆ ಮೊದಲಿನಿಂದ ಶುರು ಮಾಡಿದಳು, ಮಗಳು ಮತ್ತೆ ನೋಡಿದಳು, ಬೆಳಕು ಮತ್ತೆ ಇಳಿಯಿತು. ಆ ಸಂಜೆ ಒಂದು ಕಥೆಯೂ ಮುಗಿಯಲಿಲ್ಲ.

ಉಳಿದ ಊರು ಎಷ್ಟು ಬೇಗ ಹೊಂದಿಕೊಂಡಿತು ಅಂತೀರಿ! ಜನ ಗೋಡೆಗೆ ಮಗ್ಗಿ ಒಪ್ಪಿಸಿದರು, ಸಾಮಾನಿನ ಹೆಸರು ಹೇಳಿದರು, ಏನೂ ಇಲ್ಲದಿದ್ದರೆ ಬರೀ ಇದ್ದೀನಿ ಇದ್ದೀನಿ ಅಂತ ಜಪಿಸಿದರು. ಹಪ್ಪಳದಾಕೆಯ ಪಕ್ಕದಲ್ಲೇ ಜಗಳದ ಮನೆ ಇತ್ತು. ಗಂಡ ಹೆಂಡತಿ ಹಗಲು ಸಂಜೆ ಅನ್ನದೆ ಕಿತ್ತಾಡುತ್ತಿದ್ದರು. ಅವರ ಕಿಟಕಿ ಕಣ್ಣು ಕುಕ್ಕುತ್ತಿತ್ತು. ಸಾಹೇಬರೇ ಬಂದು ಆ ಮನೆ ತೋರಿಸಿ, ಸಂಸಾರ ಅಂದರೆ ಹೀಗಿರಬೇಕು ಅಂತ ಹೊಗಳಿ ಹೋದರು. ಕೂಸು ಮಲಗಿ ಮನೆ ಮಂಕಾದರೆ ತೊಡೆ ಚಿವುಟಿ ಅಳಿಸುವ ತಾಯಂದಿರೂ ಹುಟ್ಟಿಕೊಂಡರು. ಸುಮ್ಮನಿರೋದು ಅನ್ನೋದೇ ಆ ಊರಿನಿಂದ ಎದ್ದು ಹೋಯಿತು.

ಹಪ್ಪಳದಾಕೆ ಸುಲಭಕ್ಕೆ ಸೋಲುವವಳಲ್ಲ. ಬಾಯಿಂದ ಗೋಡೆಗೂ ಕೈಯಿಂದ ಅವ್ವನಿಗೂ ಒಟ್ಟೊಟ್ಟಿಗೆ ಮಾತಾಡಿ ನೋಡಿದಳು. ಬಾಯಿ “ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು” ಅನ್ನುತ್ತಿದ್ದರೆ ಕೈ “ಇವತ್ತು ಖಾರದ ಹಪ್ಪಳ ಎಲ್ಲ ಖರ್ಚಾಯಿತು ಅವ್ವ” ಅನ್ನಬೇಕು. ಆಗುತ್ತಾ? ಕೈ ಹೋಗಿ ಮಗ್ಗಿಯಲ್ಲಿ ಸಿಕ್ಕಿಕೊಂಡಿತು, ಬಾಯಿ ಹೋಗಿ ಖಾರದಲ್ಲಿ ಬಿತ್ತು. ತಾನು ಹೇಳುವಾಗಲೇ ಇಷ್ಟು ಕಷ್ಟ. ಅವ್ವನ ಸರದಿ ಬಂದಾಗ ಇನ್ನೂ ಕಷ್ಟ. ಬಾಯಿ ಬಡಿದುಕೊಳ್ಳುತ್ತಿದ್ದರೆ ಕಣ್ಣು ನೋಡುತ್ತೆ, ಆದರೆ ಮನಸ್ಸು ಕೇಳಿಸಿಕೊಳ್ಳೋದಿಲ್ಲ. ಮನಸ್ಸು ಅವ್ವನ ಕಡೆ ತಿರುಗಿತೋ ಬಾಯಿ ತಾನಾಗಿ ನಿಲ್ಲುತ್ತೆ. ಬಾಯಿ ನಿಂತಿತೋ, ಕತ್ತಲೆ.

ಅವ್ವ ಇದನ್ನೆಲ್ಲ ನೋಡುತ್ತಿದ್ದಳು. ಮಗಳ ತುಟಿ ಅಲುಗೋದು ಕಾಣುತ್ತಿತ್ತು, ಮುಖ ಗೋಡೆಯ ಕಡೆ ತಿರುಗೋದು ಕಾಣುತ್ತಿತ್ತು. ಆಗೆಲ್ಲ ಅವ್ವ ಮಗಳ ಸೆರಗು ಎಳೆಯುತ್ತಿದ್ದಳು. ಎಳೆದು, ಒಂದು ಬೆರಳು ಗಲ್ಲಕ್ಕೆ ಮುಟ್ಟಿಸಿ, ಅಂಗೈ ಮುಂದೆ ಚಾಚುತ್ತಿದ್ದಳು. ಅದು ಆ ಮನೆಯ ಮಾತಿನಲ್ಲಿ, ನಿನ್ನನ್ನು ಒಂದು ಕೇಳಲಾ ಅಂತ.

“ಕೇಳು ಅವ್ವ” ಅಂತ ಕೈಯಲ್ಲಿ ಹೇಳುತ್ತ ಮಗಳು ಗೋಡೆ ಬಿಟ್ಟು ಇತ್ತ ತಿರುಗುವಳು. ಬೆಳಕು ಹೋಗುವುದು. ಮರುಸಂಜೆ ಮತ್ತೆ ಸೆರಗಿನ ಎಳೆತ, ಮತ್ತೆ ಗಲ್ಲದ ಮೇಲೆ ಬೆರಳು, ಮತ್ತೆ ಚಾಚಿದ ಅಂಗೈ, ಮತ್ತೆ ಕತ್ತಲೆ. ಅವ್ವ ಏನು ಕೇಳಬೇಕೆಂದಿದ್ದಾಳೆ? ಮೈಗೆ ಹುಷಾರಿಲ್ಲವಾ? ಏನಾದರೂ ತಿನ್ನುವ ಆಸೆಯಾ? ಮಗಳಿಗೆ ಹಪ್ಪಳ ಮಾರುವಾಗಲೂ ಅದೇ ಯೋಚನೆ. ಕೇಳುವವಳು ಎದುರಿಗೇ ಕೂತಿದ್ದಾಳೆ, ಹೇಳುವವಳು ಎದುರಿಗೇ ಕೂತಿದ್ದಾಳೆ, ನಡುವೆ ಈ ಹಾಲುಬಣ್ಣದ ಪೀಡೆ!

ಅವಳು ತಟ್ಟೆ ಬಡಿದು ನೋಡಿದಳು. ಮೊದಲೆರಡು ಏಟಿಗೆ ದೀಪ ಬೆಚ್ಚಿ ಏರಿತು. ಆಮೇಲೆ, ಜಾಣ ಅಲ್ಲವೇ, ಇದು ಮನುಷ್ಯರಲ್ಲ ಬರೀ ಪಾತ್ರೆ ಅಂತ ಕಲಿತುಕೊಂಡಿತು. ಜಗಳದ ಮನೆಯಾಕೆಯ ಕೈಕಾಲು ಹಿಡಿದಳು. “ಅಕ್ಕಾ, ಒಂದೇ ಒಂದು ಸಂಜೆ ನಮ್ಮ ಮನೇಲಿ ಕೂತು ಬೈಯಿ. ಯಾರನ್ನಾದರೂ ಬೈಯಿ, ಅವ್ವ ಏನೋ ಕೇಳಬೇಕಂತೆ.”

ಜಗಳದಾಕೆ ಸಂತೋಷವಾಗಿ ಬಂದಳು. ಗಂಡನನ್ನು ಬೈದಳು, ಗಂಡನ ತಂಗಿಯನ್ನು ಬೈದಳು, ಮನೆಯೆಲ್ಲ ಝಗಮಗ. ಆದರೆ ಅವಳಿಗೆ ಬರೀ ಬೈದರೆ ಸಾಲದು, ಹೂಂಗುಟ್ಟುವವರು ಬೇಕು. “ಅಲ್ವೇನೇ? ನೀನೇ ಹೇಳೇ! ಇತ್ಲಾಗೆ ನೋಡೇ, ನಾನು ಹೇಳ್ತಾ ಇದ್ರೆ ಆ ಕಡೆ ಏನು ನೋಡ್ತೀಯ?” ಅಂತ ಹಪ್ಪಳದಾಕೆಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಹೊರಗಿನವರ ಮುಂದೆ ಕೈ ಬಿಚ್ಚುವ ಅಭ್ಯಾಸ ಅವ್ವನಿಗೂ ಇರಲಿಲ್ಲ. ಅತಿಥಿಗೆ ಕರೆಂಟಿನ ಒಲೆಯ ಮೇಲೆ ಹಪ್ಪಳ ಸುಟ್ಟು ಕೊಟ್ಟು, ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಳು.

ರೇಗಿಹೋಯಿತು ಹಪ್ಪಳದಾಕೆಗೆ. ಮರುದಿನ ಹಪ್ಪಳದ ಬುಟ್ಟಿಯನ್ನು ತಲೆಯಿಂದ ಇಳಿಸದೆ ನೆಟ್ಟಗೆ ಕಚೇರಿಗೆ ನಡೆದಳು.

ಕಚೇರಿಯ ಒಳಗೆ ಒಂದು ದೊಡ್ಡ ಗೋಡೆ. ಗೋಡೆಯ ತುಂಬ ಮನೆಗೊಂದು ಪುಟ್ಟ ಬಲ್ಬು. ಎಲ್ಲಿ ಗದ್ದಲವೋ ಅಲ್ಲಿ ಉರಿ, ಎಲ್ಲಿ ಮೌನವೋ ಅಲ್ಲಿ ಮಸಿ. ಸಾಹೇಬರು ಆ ಗೋಡೆಯ ಮುಂದೆ ಕೂತು ತಮ್ಮ ಬೆಳಕಿಗಾಗಿ ತಾವೇ “ಇದ್ದೀನಿ, ಇದ್ದೀನಿ” ಅಂದುಕೊಳ್ಳುತ್ತಿದ್ದರು.

“ಸಾಹೇಬ್ರೇ, ನಮ್ಮ ಸ್ವಿಚ್ಚು ಬದಲಾಯಿಸಿ. ಹಳೇದೇ ಕೊಡಿ.”

“ಇದ್ದೀನಿ. ಹಳೇದು ಬಾವಿಯಲ್ಲಿದೆಯಲ್ಲ ತಾಯಿ. ಏನು ತೊಂದರೆ?”

“ಬೆಳಕು ನಿಲ್ಲಲ್ಲ.”

ಸಾಹೇಬರು ಗೋಡೆ ನೋಡಿದರು. ಮೂಲೆಯಲ್ಲಿ ಒಂದು ಬಲ್ಬು ಸತ್ತ ಹಾಗೆ ಬಿದ್ದಿತ್ತು. “ಇದಲ್ಲವಾ ನಿಮ್ಮದು? ನೋಡಿ, ನೀವು ಇಲ್ಲಿದ್ದೀರಿ, ಮನೆ ಖಾಲಿ. ಖಾಲಿ ಮನೆಗೆ ಬೆಳಕು ಯಾಕೆ? ಸ್ವಿಚ್ಚು ಸರಿಯಾಗೇ ಇದೆ.”

“ಖಾಲಿಯಲ್ಲ, ಮನೇಲಿ ನಮ್ಮವ್ವ ಇದ್ದಾಳೆ.”

“ಇದ್ದೀನಿ. ಇದ್ದರೆ ಹೇಳಲಿ.”

“ಅವಳಿಗೆ ಬಾಯಿ ಬರಲ್ಲ ಸ್ವಾಮಿ. ಕೈಯಲ್ಲಿ ಹೇಳ್ತಾಳೆ.”

“ಕೈಯಲ್ಲಿ ಹೇಳಿದರೆ ಕೇಳಿಸುತ್ತಾ?” ಸಾಹೇಬರು ತಾಳ್ಮೆಯ ಮನುಷ್ಯರು, ನಗುತ್ತಲೇ ಅಂದರು. “ನೀವೊಬ್ಬರೇ ಇರೋ ಮನೆ ಅಂತ ಸ್ವಿಚ್ಚು ಹೇಳ್ತಿದೆ. ಒಬ್ಬರಿಗೆ ಎಷ್ಟು ಬೇಕೋ ಅಷ್ಟು ಕೊಡ್ತಿದೆ. ಇನ್ನೂ ಬೇಕು ಅಂದರೆ ಇನ್ನೂ ಜೋರಾಗಿ ಮಾತಾಡಿ.”

“ನಾನು ಮಾತಾಡ್ತಾ ಇದ್ದರೆ ಅವಳು ಹೇಳೋದು ಯಾವಾಗ ಕೇಳಿಸಿಕೊಳ್ಳಲಿ?”

ಆ ಪ್ರಶ್ನೆ ಸಾಹೇಬರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿದರು. ಯೋಚಿಸುತ್ತ ಸುಮ್ಮನಾದದ್ದರಿಂದ ಕಚೇರಿಯ ಬೆಳಕು ಇಳಿಯಿತು. ಗಾಬರಿಯಾಗಿ “ಇದ್ದೀನಿ ಇದ್ದೀನಿ” ಅಂತ ಕೂಗಿಕೊಂಡರು. ಆಮೇಲೆ ಯೋಚಿಸುವ ಗೋಜಿಗೆ ಹೋಗಲಿಲ್ಲ.

ಹಪ್ಪಳದಾಕೆ ವಾಪಸ್ಸು ಬಂದಳು. ಬರುವ ದಾರಿಯುದ್ದಕ್ಕೂ ಕಿಟಕಿಗಳು ಕೂಗುತ್ತಿದ್ದವು. ಇದ್ದೀನಿ, ಇದ್ದೀನಿ. ಅಷ್ಟು ಜನ ಇದ್ದ ಊರಿನಲ್ಲಿ ಅವ್ವ ಒಬ್ಬಳೇ ಇಲ್ಲದವಳಾಗಿದ್ದಳು.

ಅವತ್ತಿನಿಂದ ಅವ್ವ ಸೆರಗು ಎಳೆಯೋದನ್ನು ನಿಲ್ಲಿಸಿದಳು. ಸಂಜೆ ಕೈ ತೊಳೆದು, ಒರೆಸಿ, ಎರಡೂ ಕೈ ಮಡಿಲಲ್ಲಿಟ್ಟು ಕೂರುವಳು. ಮಗಳು ಕಷ್ಟಪಟ್ಟು ಬೆಳಕು ಏರಿಸಿ, ಏನೋ ಕೇಳಬೇಕು ಅಂತಿದ್ದೆಯಲ್ಲ ಅಂತ ಸನ್ನೆ ಮಾಡಿದರೆ, ಏನಿಲ್ಲ ಅಂತ ತಲೆಯಾಡಿಸುವಳು. ಸಂಜೆ ಹೋಗಿ ಸಂಜೆ ಬಂದರೂ ಆ ಕೈಗಳು ಮಡಿಲು ಬಿಟ್ಟು ಏಳಲಿಲ್ಲ. ಎಷ್ಟು ಮಾತಾಡುತ್ತಿದ್ದ ಕೈ ಅವು! ಈಗ ಲಟ್ಟಣಿಗೆ ಹಿಡಿಯೋಕೆ, ತುತ್ತು ಎತ್ತೋಕೆ ಮಾತ್ರ. ಅವ್ವ ಬದುಕಿದ್ದಾಗಲೇ ಅವ್ವ ಕೈತಪ್ಪಿ ಹೋಗುತ್ತಿದ್ದಾಳೆ ಅಂತ ಹಪ್ಪಳದಾಕೆಗೆ ಅನ್ನಿಸಿ, ಮಾಳಿಗೆಯ ಮೇಲೆ ಹಪ್ಪಳ ಹರವುತ್ತ ಒಬ್ಬಳೇ ಅತ್ತಳು.

ಒಂದು ಸಂಜೆ ಕಹಳೆ ಮೊಳಗಿತು. ಊರು ಎಂದಿನಂತೆ ಕೂಗಿತು. ಅವತ್ತಿನ ಹಿಟ್ಟು ಸ್ವಲ್ಪ ಮಿಕ್ಕಿದ್ದರಿಂದ ಅವ್ವ ಇನ್ನೂ ಮಣೆಯ ಮುಂದೆ ಕೈಯಂದಾಜಿನಲ್ಲೇ ಲಟ್ಟಿಸುತ್ತ ಕೂತಿದ್ದಳು. ಹಪ್ಪಳದಾಕೆ ಗೋಡೆಯ ಮುಂದೆ ನಿಂತು, ಇದ್ದೀನಿ ಅನ್ನಲು ಬಾಯಿ ತೆರೆದಳು. ಆ ಮಾತು ಬರಲಿಲ್ಲ. ಗಂಟಲಲ್ಲಿ ಕೂಡಿಟ್ಟಿದ್ದ ಬೇರೆ ಎಲ್ಲವೂ ಒಟ್ಟಿಗೆ ಬಂತು.

“ಏನೋ ನಿನಗೆ ಬಂದಿರೋದು ದೊಡ್ಡ ರೋಗ? ಇದ್ದೀನಿ ಇದ್ದೀನಿ ಅಂತ ಎಷ್ಟು ಸಲ ಬೊಗಳಬೇಕೋ ನಿನ್ನ ಮುಂದೆ? ಜಾಣ ಅಂತೆ ಜಾಣ, ನಿನ್ನ ಜಾಣತನಕ್ಕೆ ಬೆಂಕಿ ಹಾಕ! ಹೆಣಕ್ಕೆ ಅಳೋದು ಕೇಳಿಸುತ್ತೆ, ಗಂಡ ಹೆಂಡಿರ ಕಿತ್ತಾಟ ಕೇಳಿಸುತ್ತೆ, ಎದುರಿಗೆ ಕೂತಿರೋ ನಮ್ಮವ್ವ ಕಾಣಲ್ವಾ ನಿನಗೆ? ನಿನ್ನ ಕಣ್ಣಿಗೆ ಮಣ್ಣು ಹಾಕ, ನಿನಗೆಲ್ಲಿದೆ ಕಣ್ಣು! ಆರತಿ ಎತ್ತಿ ಒಳಗೆ ಕರೆದೆನಲ್ಲೋ ನಿನ್ನ, ನನ್ನ ಕೈ ಸೇದಿ ಹೋಗ! ಮುಂಡಾಮೋಚಿಕೊಂಡು ಹೋಗು, ಹಾಳಾಗಿ ಹೋಗು, ನಿನ್ನ ಮನೆ ಕಾಯ್ವಾಗ…”

ಬೆಳಕು ಏರಿತು. ಏರುತ್ತಲೇ ಹೋಯಿತು. ಆ ಮನೆಯಲ್ಲಿ ಅಷ್ಟು ಬೆಳಕು ಯಾವತ್ತೂ ಆಗಿರಲಿಲ್ಲ. ಗೋಡೆಯ ಬಿರುಕು, ಮೂಲೆಯ ಜೇಡ, ಹಿಟ್ಟಿನ ದೂಳು ಎಲ್ಲ ಒಂದೊಂದೇ ಕಂಡವು. ಮಗ್ಗಿಗೆ ಗಮನ ಬೇಕು, ಬೈಗುಳಕ್ಕೆ ಬೇಡ ನೋಡಿ. ಬಾಯಿ ತನ್ನ ಪಾಡಿಗೆ ತಾನು ಬೈಯುತ್ತಲೇ ಇತ್ತು, ಕಣ್ಣೂ ಮನಸ್ಸೂ ಬಿಡುವಾದವು. ಹಪ್ಪಳದಾಕೆ ಬೈಯುತ್ತ ಬೈಯುತ್ತ ತಿರುಗಿ ಅವ್ವನನ್ನು ನೋಡಿದಳು.

ಅವ್ವ ಲಟ್ಟಣಿಗೆ ಹಿಡಿದು ಎದ್ದು ನಿಂತಿದ್ದಳು. ಖಾಲಿ ಕೈಯ ಬೆರಳನ್ನು ಗಲ್ಲಕ್ಕೆ ಮುಟ್ಟಿಸಿದಳು, ಅಂಗೈ ಚಾಚಿದಳು. ನಿನ್ನನ್ನು ಒಂದು ಕೇಳಲಾ? ಕತ್ತಲಾಗಲಿಲ್ಲ. ಮಗಳ ಬಾಯಿ ಸ್ವಿಚ್ಚಿನ ಹಿಂದಿನ ಏಳು ತಲೆಮಾರನ್ನು ವಿಚಾರಿಸುತ್ತಿತ್ತು. ಅವ್ವ ಗೋಡೆಯ ಮೇಲಿನ ಬಿಲ್ಲೆಯನ್ನು ತೋರಿಸಿದಳು. ಲಟ್ಟಣಿಗೆಯನ್ನು ತೋರಿಸಿದಳು. ಹುಬ್ಬು ಎರಡೂ ಮೇಲೆತ್ತಿದಳು.

ಒಡೆದುಬಿಡಲಾ?

ಇಷ್ಟು ದಿನ ಕೇಳಿದ್ದು ಇಷ್ಟೇ. ಮೈಗೆ ಹುಷಾರಿಲ್ಲ ಅಂತಲ್ಲ, ತಿನ್ನುವ ಆಸೆ ಅಂತಲೂ ಅಲ್ಲ. ಮೊದಲನೇ ವಾರದಿಂದ ಅವ್ವ ಮಗಳ ಅಪ್ಪಣೆ ಕೇಳುತ್ತಿದ್ದಳು. ಮಗಳು ಬೈಗುಳ ನಿಲ್ಲಿಸದೆ, ಕಣ್ಣಲ್ಲಿ ನೀರು ಸುರಿಸಿಕೊಂಡು, ಹೂಂ ಅಂತ ತಲೆಯಾಡಿಸಿದಳು.

ಅವ್ವ ಗುರಿಯಿಟ್ಟು ಒಂದೇ ಒಂದು ಏಟು ಹೊಡೆದಳು. ಬಿಲ್ಲೆ ಪಟಾರ್ ಅಂತ ಸೀಳಿ, ನೀಲಿ ಕಿಡಿ ಹಾರಿ, ಕುಂಕುಮ ಇಟ್ಟಿದ್ದ ನೆತ್ತಿಯ ಚೂರು ಹಿಟ್ಟಿನ ತಟ್ಟೆಗೆ ಬಂದು ಬಿತ್ತು.

ಮಗಳ ಬಾಯಿ ಥಟ್ಟನೆ ನಿಂತಿತು. ರೂಢಿಯಂತೆ ಕತ್ತಲೆಗೆ ಕಾದಳು. ಕತ್ತಲೆ ಬರಲಿಲ್ಲ. ದೀಪ ಏರಿದ್ದಲ್ಲೇ ಕಚ್ಚಿಕೊಂಡು ನಿಂತಿತ್ತು. ಮನೆಯಲ್ಲಿ ಒಂದು ಸದ್ದಿಲ್ಲ, ಬೆಳಕು ಮಾತ್ರ ತುಂಬಿತ್ತು. ಇಬ್ಬರೂ ಎಷ್ಟೋ ಹೊತ್ತು ಉಸಿರು ಬಿಗಿಹಿಡಿದು ನಿಂತರು, ಎಲ್ಲಿ ಆರಿಬಿಡುತ್ತೋ ಅಂತ.

ಆಮೇಲೆ ಹಪ್ಪಳದಾಕೆ ಕೈಯೆತ್ತಿದಳು. “ಅಲ್ಲವ್ವ, ಲಟ್ಟಣಿಗೆ ನಿನ್ನ ಕೈಯಲ್ಲೇ ಇತ್ತಲ್ಲ. ಮೊದಲ ದಿನವೇ ಒಡೆಯೋದಲ್ಲವಾ? ನನ್ನನ್ನು ಯಾಕೆ ಕೇಳಬೇಕಿತ್ತು?”

ಅವ್ವನ ಕೈ ಹೇಳಿತು. “ನನ್ನ ಕಣ್ಣು ನೋಯಬಾರದು ಅಂತ ನೀನು ಆರತಿ ಎತ್ತಿ ತಂದದ್ದು. ನಿನ್ನನ್ನು ಕೇಳದೆ ಹೇಗೆ ಒಡೀಲಿ?”

ಮಗಳು ಕುಸಿದು ಕೂತಳು. ಅವ್ವ ಅವಳನ್ನು ಅಳಲು ಬಿಡಲಿಲ್ಲ. ಕೂಡಿಟ್ಟುಕೊಂಡಿದ್ದೆಲ್ಲ ಹೇಳುವುದಿತ್ತು. ಜಗಳದಾಕೆ ಬೈಯುವಾಗ ಮೂಗಿನ ಹೊಳ್ಳೆ ಹೇಗೆ ಅರಳುತ್ತೆ ಅಂತ ಮಾಡಿ ತೋರಿಸಿದಳು. ಗೋಡೆಗೆ ಮಗ್ಗಿ ಹೇಳುವಾಗ ಮಗಳ ಮುಖ ಹೇಗಾಗುತ್ತಿತ್ತು ಅಂತಲೂ ತೋರಿಸಿದಳು. ನಡುನಡುವೆ ಸೆರಗೆತ್ತಿ ಕಣ್ಣೊರೆಸಿಕೊಂಡಳು, ಆ ಬೆಳಕಿಗೆ ಮತ್ತೆ ನೀರು ಬರುತ್ತಿತ್ತು. ಇದೇನು ಹಾಳು ಬೆಳಕು, ಕಣ್ಣು ಬಿಡೋಕಾಗಲ್ಲ ಅಂತ ಕೈಯಲ್ಲೇ ಬೈದಳು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮರುದಿನ ಸಂಜೆ ಸಾಹೇಬರು ಓಡೋಡಿ ಬಂದರು. ಕಚೇರಿಯ ಗೋಡೆಯಲ್ಲಿ ಮೂಲೆಯ ಬಲ್ಬು ಜಗಳದ ಮನೆಯ ಬಲ್ಬನ್ನೂ ಮೀರಿಸಿ ಉರಿಯುತ್ತಿತ್ತಂತೆ. ಓಣಿಯಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಬಾಗಿಲ ಕಡೆ ಕೂಗಿದರು.

“ಏನು ತಾಯಿ, ನಿಮ್ಮ ಮನೇಲಿ ಏನು ವಿಶೇಷ? ಯಾರೋ ತುಂಬ ಜನ ಬಂದ ಹಾಗಿದೆ! ಎಷ್ಟು ಮಂದಿ ಇದ್ದೀರಿ?”

ಹಪ್ಪಳದಾಕೆ ಹೊಸ್ತಿಲಿಗೆ ಬಂದಳು. ಒಳಗೆ ಅವ್ವ ಕಥೆಯ ಮಧ್ಯದಲ್ಲಿ ಕೈ ನಿಲ್ಲಿಸಿ ಕಾಯುತ್ತಿದ್ದಳು. ಸಾಹೇಬರು ಉತ್ತರಕ್ಕಾಗಿ ಕಿವಿ ಮುಂದೆ ಮಾಡಿದರು. ಅವಳು ಬಾಯಿ ತೆರೆಯಲಿಲ್ಲ. ಹಿಟ್ಟು ಮೆತ್ತಿದ್ದ ಕೈಯನ್ನು ಬೆಳಕಿಗೆ ಎತ್ತಿ, ಎರಡು ಬೆರಳು ತೋರಿಸಿ, ಒಳಗೆ ಹೋದಳು.